ಶ್ರುತಿ-ತಾಳದ ಆ್ಯಪ್: ಒಮ್ಮೆ ಸರಿಯಾಗಿ ಹೊಂದಿಸಿಟ್ಟರೆ ದಿನವೂ ಒಂದೇ ಗುಂಡಿ

ಕೊಳಲು ವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಮುಂದೆ ಅವರ ಬೆಂಗಳೂರಿನ ರಾಡೆಲ್ ಕಂಪನಿಯ ಪೆಟ್ಟಿಗೆ ಸಂಗೀತದ ಮನೆಮನೆಗೂ ಬಂತು. ಅದರ ಮೇಲಿದ್ದ ಗುಂಡಿಗಳು ಕೆಲವೇ. ಅವನ್ನು ಒಮ್ಮೆ ತಿರುಗಿಸಿಟ್ಟರೆ ಮರುದಿನವೂ ಅಲ್ಲೇ ಇರುತ್ತಿದ್ದವು. ಸ್ವಿಚ್ ಒತ್ತಿದರೆ ನಿನ್ನೆಯ ಶ್ರುತಿಯೇ ಮೊಳಗುತ್ತಿತ್ತು. ಅದನ್ನು ಬಳಸುವುದಕ್ಕೆ ಯಾರಿಗೂ ತರಬೇತಿ ಬೇಕಾಗಲಿಲ್ಲ.

ಈಗ ಆ ಪೆಟ್ಟಿಗೆಯ ಕೆಲಸ ಮೊಬೈಲಿಗೆ ಬಂದಿದೆ. ತಂಬೂರಿ, ತಾಳ, ತಬಲಾ, ಲೆಹರಾ (ತಾಳದ ಸುತ್ತು ತೋರಿಸಲು ಮರಳಿ ಮರಳಿ ನುಡಿಯುವ ಸ್ವರಸಾಲು), ಸ್ವರಮಂಡಲ ಎಲ್ಲವೂ ಒಂದೇ ಆ್ಯಪಿನಲ್ಲಿ ಸಿಗುತ್ತವೆ. ಆದರೆ ಪರದೆಯ ತುಂಬ ಜಾರುಪಟ್ಟಿಗಳು, ಪಟ್ಟಿಯೊಳಗೆ ಪಟ್ಟಿಗಳು, ಕೈ ತಗುಲಿದರೆ ಬದಲಾಗುವ ಅಂಕಿಗಳು. ಕಲಿಯುವ ಮಕ್ಕಳು, ವಯಸ್ಸಾದ ಗುರುಗಳು, ಕಣ್ಣು ಕಾಣದ ಗಾಯಕರು ಹಾಡಲು ಕೂತ ಹೊತ್ತನ್ನು ಪರದೆಯ ಮೇಲೆ ಬೆರಳಾಡಿಸುವುದರಲ್ಲೇ ಕಳೆಯುತ್ತಾರೆ. ಆ್ಯಪ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಶ್ರುತಿ, ತಾಳ, ಫೋನು ಮೂರನ್ನೂ ಬಲ್ಲವರೊಬ್ಬರು ಒಂದು ಗಂಟೆ ಕೂತು, ಬದಲಾಗಬಾರದ್ದನ್ನು ಬದಲಾಗದಂತೆ ಕಟ್ಟಿಹಾಕಬೇಕು. ಬಳಸುವವರ ಕೈಗೆ ಲಯದ ವೇಗ, ಆರಂಭ, ನಿಲುಗಡೆ ಇಷ್ಟೇ ಸಿಗಬೇಕು. ಆ ಒಂದು ಗಂಟೆಯ ಕೆಲಸ ಹೀಗಿದೆ.

ಮೊದಲು ಶ್ರುತಿ

ಶ್ರುತಿ ಎಂದರೆ ಹಾಡಿಗೆ ಆಧಾರವಾದ ಷಡ್ಜದ (ಸ) ಎತ್ತರ. ಪಾಠದಲ್ಲಿ "ಐದೂವರೆ ಶ್ರುತಿ" ಎನ್ನುತ್ತಾರೆ, ಆ್ಯಪಿನಲ್ಲಿ "ಜಿ ಶಾರ್ಪ್" ಎಂದಿರುತ್ತದೆ. ಬಹುಪಾಲು ಗೊಂದಲ ಇಲ್ಲಿಂದಲೇ ಶುರು. ಒಂದು ಎಂದರೆ ಸಿ, ಒಂದೂವರೆ ಸಿ ಶಾರ್ಪ್, ಎರಡು ಡಿ, ಎರಡೂವರೆ ಡಿ ಶಾರ್ಪ್, ಮೂರು ಇ, ನಾಲ್ಕು ಎಫ್, ನಾಲ್ಕೂವರೆ ಎಫ್ ಶಾರ್ಪ್, ಐದು ಜಿ, ಐದೂವರೆ ಜಿ ಶಾರ್ಪ್, ಆರು ಎ, ಆರೂವರೆ ಎ ಶಾರ್ಪ್, ಏಳು ಬಿ. ಮೂರೂವರೆ ಇಲ್ಲ, ಏಕೆಂದರೆ ಹಾರ್ಮೋನಿಯಂನಲ್ಲಿ ಮೂರನೆಯ ಮತ್ತು ನಾಲ್ಕನೆಯ ಬಿಳಿ ಮನೆಗಳ ನಡುವೆ ಕರಿ ಮನೆ ಇಲ್ಲ. ಹಿಂದೂಸ್ತಾನಿಯವರು ಕರಿ ಮನೆಗಳನ್ನು ಬೇರೆಯಾಗಿ ಎಣಿಸುತ್ತಾರೆ: ಕರಿ ಒಂದು ಸಿ ಶಾರ್ಪ್, ಕರಿ ಎರಡು ಡಿ ಶಾರ್ಪ್, ಕರಿ ಮೂರು ಎಫ್ ಶಾರ್ಪ್, ಕರಿ ನಾಲ್ಕು ಜಿ ಶಾರ್ಪ್, ಕರಿ ಐದು ಎ ಶಾರ್ಪ್. ಹಾಗಾಗಿ ಧಾರವಾಡದ ಶಿಷ್ಯೆಯ "ಕರಿ ನಾಲ್ಕು" ಮತ್ತು ಮೈಸೂರಿನ ಶಿಷ್ಯೆಯ "ಐದೂವರೆ" ಒಂದೇ ಶ್ರುತಿ. ಬಳಸುವವರಿಗೆ ಬೇಕಾದ ಒಂದೇ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಹಿಂಬದಿಗೆ ಅಂಟಿಸಿ. ಇಡೀ ಪಟ್ಟಿ ಅಂಟಿಸಬೇಡಿ, ಅದರಲ್ಲಿ ತಮ್ಮ ಶ್ರುತಿ ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ.

ಹೆಸರು ಸರಿಯಾದರೂ ಸ್ಥಾಯಿ (ಕೆಳಗಿನ ಮಂದ್ರ, ನಡುವಿನ ಮಧ್ಯ, ಮೇಲಿನ ತಾರ) ತಪ್ಪಬಹುದು. ಎ ಸ್ವರ 440 ಹರ್ಟ್ಸ್ ಎಂದಿಟ್ಟುಕೊಂಡರೆ, ಐದೂವರೆಯಲ್ಲಿ ಹಾಡುವ ಹೆಣ್ಣುಮಕ್ಕಳ ಮಧ್ಯಷಡ್ಜ ಸುಮಾರು 207.65 ಹರ್ಟ್ಸ್, ಒಂದೂವರೆಯಲ್ಲಿ ಹಾಡುವ ಗಂಡಸರದ್ದು ಸುಮಾರು 138.59. ತಂಬೂರಿಯ ನಡುವಿನ ಎರಡು ಸಾರಣೆ ತಂತಿಗಳು ಈ ಷಡ್ಜದಲ್ಲೇ ನುಡಿಯಬೇಕು, ಕೊನೆಯ ಮಂದ್ರ ತಂತಿ ಅದರ ಅರ್ಧದಲ್ಲಿ. ಸ್ಥಾಯಿ ಒಂದು ಮೇಲಿದ್ದರೆ ತಂಬೂರಿ ಕೀರಲಾಗಿ ಗಂಟಲನ್ನು ಮೇಲಕ್ಕೆಳೆಯುತ್ತದೆ, ಕೆಳಗಿದ್ದರೆ ಬರೀ ಗೊರಗೊರ. ಪರೀಕ್ಷೆ ಸುಲಭ: ತಂಬೂರಿ ಹಾಕಿ, ಆಯಾಸವಿಲ್ಲದೆ ಮಧ್ಯಸ್ಥಾಯಿಯ ಸ ಹಿಡಿಯಲು ಹೇಳಿ. ದನಿ ನಡುವಿನ ಎರಡು ಮೀಟುಗಳೊಳಗೆ ಕರಗಬೇಕು. ಕೊನೆಯ ಮೀಟಿನೊಂದಿಗೆ ಕರಗಿದರೆ ಆ್ಯಪಿನ ಸ್ಥಾಯಿಯನ್ನು ಒಂದು ಮೆಟ್ಟಿಲು ಇಳಿಸಿ.

ಮೊದಲ ತಂತಿ ಪಂಚಮದಲ್ಲಿರಲಿ. ಮಾಲ್‌ಕೌಂಸ್‌ನಂಥ ಪಂಚಮವಿಲ್ಲದ ರಾಗಕ್ಕೆ ಮಧ್ಯಮ, ಮಾರ್ವಾ ಮತ್ತು ಪೂರಿಯಾಕ್ಕೆ ನಿಷಾದ. ಕರ್ನಾಟಕ ಸಂಗೀತದಲ್ಲಿ ನವರೋಜು, ಪುನ್ನಾಗವರಾಳಿ, ನಾದನಾಮಕ್ರಿಯೆಯಂಥ ರಾಗಗಳನ್ನು ಮಧ್ಯಮ ಶ್ರುತಿಯಲ್ಲಿ ಹಾಡುವಾಗ ಷಡ್ಜವನ್ನು ಮುಟ್ಟದೆ ಮೊದಲ ತಂತಿಯನ್ನಷ್ಟೇ ಮಧ್ಯಮಕ್ಕೆ ತರಬೇಕು. ಹಲವರು ಇಲ್ಲಿ ಶ್ರುತಿಯನ್ನೇ ಮೂರು ಮನೆ ಏರಿಸಿಬಿಡುತ್ತಾರೆ. ಆಮೇಲೆ ಹಿಂದಿರುಗಿಸಲು ಮರೆತು, ಮರುದಿನ ವರ್ಣ ಹಾಡಲು ಹೋಗಿ ತಾರಸ್ಥಾಯಿಯಲ್ಲಿ ಸಿಕ್ಕಿಬೀಳುತ್ತಾರೆ. ಇದಕ್ಕಾಗಿ ಪ್ರತ್ಯೇಕ ಪ್ರಿಸೆಟ್ (ಹೊಂದಿಸಿ ಹೆಸರಿಟ್ಟ ಜೋಡಣೆ) ಒಂದನ್ನು ಉಳಿಸಿಟ್ಟರೆ ಆ ಗೊಡವೆ ತಪ್ಪುತ್ತದೆ.

ಕೆಲವು ಆ್ಯಪುಗಳಲ್ಲಿ ಒಂದೊಂದು ತಂತಿಯನ್ನೂ ಸೆಂಟ್ ಲೆಕ್ಕದಲ್ಲಿ ಸರಿಸಬಹುದು. ಒಂದು ಅರ್ಧಸ್ವರಕ್ಕೆ 100 ಸೆಂಟ್. ಪಂಚಮ 702 ಎಂದು ಕಂಡರೆ ಅದನ್ನು ತಪ್ಪೆಂದು ತಿಳಿದು 700 ಮಾಡಬೇಡಿ. ಷಡ್ಜಕ್ಕೆ 3:2 ಪ್ರಮಾಣದಲ್ಲಿ ಕೂರುವ ನಿಜವಾದ ಪಂಚಮ 702. 700 ಎಂಬುದು ಪಿಯಾನೋದ ಸಮಪಾಲಿನ ಪಂಚಮ. ಅದನ್ನು ಹಾಕಿದರೆ ತಂಬೂರಿಯಲ್ಲಿ ನಿಧಾನವಾದ ಅಲುಗಾಟ ಹುಟ್ಟುತ್ತದೆ.

ಜೊತೆಯಲ್ಲಿ ಹಾರ್ಮೋನಿಯಂ ಇದ್ದರೆ ಆ್ಯಪನ್ನೇ ಅದಕ್ಕೆ ಹೊಂದಿಸಬೇಕು, ಏಕೆಂದರೆ ಹಾರ್ಮೋನಿಯಂನ ನಾಲಗೆಗಳನ್ನು (ರೀಡ್) ಕೂತಲ್ಲೇ ತಿದ್ದಲಾಗದು. ಹಳೆಯ ಹಾರ್ಮೋನಿಯಂಗಳು 440ರ ಲೆಕ್ಕಕ್ಕೆ ಕೂರುವುದು ಅಪರೂಪ. ಹಾರ್ಮೋನಿಯಂನಲ್ಲಿ ಸ ಒತ್ತಿ ಹಿಡಿದು ಆ್ಯಪಿನ ಷಡ್ಜದ ಜೊತೆ ಕೇಳಿ. ಎರಡೂ ದನಿ ಸೇರಿ ವಾಂವ್-ವಾಂವ್ ಎಂದು ಏರಿಳಿದರೆ 10 ಸೆಕೆಂಡಿನಲ್ಲಿ ಎಷ್ಟು ಸಲ ಏರಿತು ಎಂದು ಎಣಿಸಿ. ಐದೂವರೆ ಶ್ರುತಿಯಲ್ಲಿ ಸುಮಾರು 12 ಸಲವಾದರೆ ವ್ಯತ್ಯಾಸ 10 ಸೆಂಟ್, 6 ಸಲವಾದರೆ 5 ಸೆಂಟ್. ಒಂದೂವರೆಯಲ್ಲಿ 10 ಸೆಂಟಿಗೆ ಸುಮಾರು 8 ಏರಿಳಿತ. ಯಾವ ಕಡೆಗೆ ಸರಿಸಬೇಕೆಂದು ಕಿವಿಗೆ ಹೊಳೆಯದಿದ್ದರೆ ಸೂಕ್ಷ್ಮ ಶ್ರುತಿಯನ್ನು 5 ಸೆಂಟ್ ಮೇಲಕ್ಕೆ ಸರಿಸಿ ನೋಡಿ. ಏರಿಳಿತ ನಿಧಾನವಾದರೆ ದಾರಿ ಸರಿ, ಚುರುಕಾದರೆ ಕೆಳಗೆ ಬನ್ನಿ. ಕೊಳಲಿನ ಜೊತೆಗಾದರೆ ಹತ್ತು ನಿಮಿಷ ನುಡಿಸಿದ ಮೇಲೆ ಹೊಂದಿಸಿ. ಉಸಿರಿನ ಬಿಸಿಗೆ ಕೊಳಲಿನ ಶ್ರುತಿ ಏರುತ್ತದೆ.

ತಾಳದ ಹೆಸರುಗಳನ್ನು ನಂಬಬೇಡಿ, ಎಣಿಸಿ ನೋಡಿ

ಒಂದೇ ಹೆಸರಿನ ಬೇರೆ ಬೇರೆ ತಾಳಗಳು ಒಂದೇ ಪಟ್ಟಿಯಲ್ಲಿ ಕೂತಿರುತ್ತವೆ. ಕರ್ನಾಟಕ ಸಂಗೀತದ ರೂಪಕ 6 ಅಕ್ಷರ (ಎಣಿಕೆ). ಅದನ್ನೇ ಕಛೇರಿ ರೂಢಿಯಲ್ಲಿ ಎರಡು ಪೆಟ್ಟು, ಒಂದು ಬೀಸು ಎಂದು 3 ಎಣಿಕೆಯಾಗಿ ಹಾಕುವುದೂ ಇದೆ. ಹಿಂದೂಸ್ತಾನಿಯ ರೂಪಕ್ 7 ಮಾತ್ರೆ. ಮಿಶ್ರ ಜಾತಿ (ತಾಳದ ಲಘು ಎಂಬ ಭಾಗಕ್ಕೆ 7 ಅಕ್ಷರ) ಝಂಪೆಯೂ ಝಪ್‌ತಾಲ್‌ ಕೂಡ 10ರವೇ. ಆದರೆ ಝಂಪೆಯ ಒಡಪು 7+1+2, ಝಪ್‌ತಾಲಿನದು 2+3+2+3. ಪೆಟ್ಟು ಬೀಳುವ ಜಾಗಗಳೇ ಬೇರೆ, ಒಂದರ ಬದಲು ಇನ್ನೊಂದು ನಡೆಯದು.

ಇದಕ್ಕಿಂತ ದೊಡ್ಡ ಬಲೆ ಅಲಂಕಾರಗಳಲ್ಲಿದೆ (ಏಳು ತಾಳಗಳಲ್ಲಿ ಹಾಡುವ ಸ್ವರಾಭ್ಯಾಸಗಳು). ಪುರಂದರದಾಸರ ಕಾಲದಿಂದ ಬಂದ ಪಾಠಕ್ರಮದ ಸಪ್ತತಾಳ ಅಲಂಕಾರಗಳಿಗೆ ಗೊತ್ತುಮಾಡಿದ ಜಾತಿಗಳಿವೆ: ಧ್ರುವ, ಮಠ್ಯ, ರೂಪಕ, ಏಕ ಚತುರಶ್ರ (4) ಜಾತಿಯವು, ಝಂಪೆ ಮಿಶ್ರ (7), ತ್ರಿಪುಟ ತಿಶ್ರ (3), ಅಟ್ಟ ಖಂಡ (5). 35 ತಾಳಗಳ ಆ್ಯಪಿನಲ್ಲಿ ತಾಳ ಮತ್ತು ಜಾತಿಯನ್ನು ಬೇರೆ ಬೇರೆ ಆರಿಸಬೇಕು, ಆರಿಸದಿದ್ದರೆ ಜಾತಿ ಸಾಮಾನ್ಯವಾಗಿ ಚತುರಶ್ರದಲ್ಲೇ ನಿಂತಿರುತ್ತದೆ. ಆಗ 7 ಇರಬೇಕಾದ ತ್ರಿಪುಟ 8 ಆಗಿ ಆದಿತಾಳವಾಗುತ್ತದೆ, 14ರ ಅಟ್ಟ 12ಕ್ಕಿಳಿಯುತ್ತದೆ, 10ರ ಝಂಪೆ 7 ಆಗುತ್ತದೆ. ಮಗು ಸರಿಯಾಗಿಯೇ ಹಾಡುತ್ತಿದ್ದರೂ ತಾಳಕ್ಕೆ ಕೂರುವುದಿಲ್ಲ, ಮನೆಯವರು ಮಗುವನ್ನೇ ಗದರುತ್ತಾರೆ. ಹಾಗಾಗಿ ಏಳೂ ಅಲಂಕಾರಗಳಿಗೆ ಏಳು ಪ್ರಿಸೆಟ್ ಮಾಡಿ, ಪ್ರತಿಯೊಂದನ್ನೂ ಒಂದು ಆವರ್ತ (ತಾಳದ ಒಂದು ಸುತ್ತು) ಕೈಯಲ್ಲಿ ಹಾಕಿ ಎಣಿಸಿ ನೋಡಿಯೇ ಉಳಿಸಿ: 14, 10, 6, 10, 7, 14, 4. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಕ್ರಮಕ್ಕೆ ಈ ಅಂಕಿಗಳು ಬರಬೇಕು.

ವೇಗದ ಅಂಕಿ ಏನನ್ನು ಎಣಿಸುತ್ತದೆ ಎಂಬುದನ್ನೂ ಪರೀಕ್ಷಿಸಿ. ಅಂಕಿಯನ್ನು 60ಕ್ಕಿಟ್ಟು ಗಡಿಯಾರ ನೋಡುತ್ತ ಆದಿತಾಳದ ಒಂದು ಆವರ್ತ ಕೇಳಿ. 8 ಸೆಕೆಂಡಾದರೆ ಅದು ಒಂದೊಂದು ಪೆಟ್ಟನ್ನು ಎಣಿಸುತ್ತಿದೆ, 16 ಸೆಕೆಂಡಾದರೆ ಪೆಟ್ಟಿಗೆ ಎರಡು. ಎರಡು ಕಳೆಯ (ಪೆಟ್ಟಿಗೆ ಎರಡು ಎಣಿಕೆಯ) ಆದಿತಾಳದ ವರ್ಣಕ್ಕೆ ಪೆಟ್ಟಿಗೆ 2 ಸೆಕೆಂಡು ಬೇಕೆಂದಿಟ್ಟುಕೊಳ್ಳಿ, ಅಂದರೆ ನಿಮಿಷಕ್ಕೆ 30 ಪೆಟ್ಟು. ಅನೇಕ ಆ್ಯಪುಗಳು ಅಷ್ಟು ಕೆಳಗೆ ಇಳಿಯುವುದಿಲ್ಲ. ಆಗ "ಆದಿ ಎರಡು ಕಳೆ" ಬೇರೆಯಾಗಿ ಇದೆಯೇ ನೋಡಿ. ಅದೂ ಇಲ್ಲದಿದ್ದರೆ 16 ಎಣಿಕೆಯ ಆವರ್ತ ಆರಿಸಿ 60ಕ್ಕಿಡಿ. ಹಿಂದೂಸ್ತಾನಿಯ ವಿಲಂಬಿತ್ (ನಿಧಾನಗತಿಯ) ಏಕ್‌ತಾಲ್‌ಗೂ ಇದೇ ಮಾತು. ನಿಮಿಷಕ್ಕೆ 15 ಮಾತ್ರೆಯ ನಡೆಯಲ್ಲಿ 12 ಮಾತ್ರೆಯ ಒಂದು ಆವರ್ತನಕ್ಕೆ 48 ಸೆಕೆಂಡು ಬೇಕು. ದ್ರುತ್ (ವೇಗದ) ಏಕ್‌ತಾಲನ್ನೇ ಎಳೆದೆಳೆದು ಅಷ್ಟು ನಿಧಾನಿಸಿದರೆ ತಬಲಾದ ನುಡಿಗಳಾದ ಬೋಲ್‌ಗಳ ನಡುವೆ ಬರೀ ಮೌನ ಉಳಿದು ಲಯ ಕೈಗೆ ಸಿಗುವುದಿಲ್ಲ. ಒಳಗಿನ ಭರ್ತಿ ಬೋಲ್‌ಗಳಿರುವ ವಿಲಂಬಿತ್ ಆವೃತ್ತಿಯನ್ನೇ ಆರಿಸಬೇಕು.

ಮೊದಲ ಸ್ವರಪಾಠವಾದ ಸರಳೆ ವರಸೆಯ ಮೂರು ಕಾಲಕ್ಕೆ ವೇಗದ ಅಂಕಿಯನ್ನು 60, 120, 240 ಎಂದು ಏರಿಸುವ ತಪ್ಪು ತುಂಬ ಕಡೆ ನಡೆಯುತ್ತದೆ. ತಾಳ ನಿಂತಲ್ಲೇ ನಿಂತಿರಬೇಕು, ಸ್ವರಗಳು ಮಾತ್ರ ಪೆಟ್ಟಿಗೆ 1, 2, 4 ಎಂದು ಏರಬೇಕು. 60ರ ತಾಳದಲ್ಲಿ ಮೂರನೇ ಕಾಲಕ್ಕೆ ಸೆಕೆಂಡಿಗೆ 4 ಸ್ವರ ಬರುತ್ತವೆ, ಹೊಸ ಕೈಗೆ ಅಷ್ಟೇ ಬೇಕಾದಷ್ಟಾಯಿತು. ಅಂಕಿಯನ್ನು ಏರಿಸುತ್ತ ಹೋದರೆ ಕಾಲಪ್ರಮಾಣ ಇಬ್ಬಗೆಯಾಗುವುದು ಹೇಗೆಂದು ಕೈ ಕಲಿಯುವುದೇ ಇಲ್ಲ. ಮೂರೂ ಕಾಲಕ್ಕೆ ಒಂದೇ ಪ್ರಿಸೆಟ್ ಇಡಿ.

ಶಬ್ದದ ಆಯ್ಕೆಯಲ್ಲೂ ಒಂದು ಮಾತು. ಸರಳೆ, ಜಂಟಿ, ಅಲಂಕಾರಗಳಿಗೆ ಮೃದಂಗದ ನಡೆ ಬೇಡ. ಬರೀ ಕೈತಟ್ಟಿನ ಅಥವಾ ತಾಳದ ಬಿಲ್ಲೆಯ ಶಬ್ದ ಇಡಿ. ಮೃದಂಗದ ತುಂಬುನುಡಿಗಳು ಅಕ್ಷರಗಳ ನಡುವಿನ ಜಾಗವನ್ನು ಮುಚ್ಚಿಬಿಡುತ್ತವೆ. ಸ್ವರ ಸ್ವಲ್ಪ ಹಿಂದೆ ಬಿದ್ದರೂ ತಿಳಿಯದೆ ಹಾಡಿದವರಿಗೆ ಚೆನ್ನಾಗಿ ಬಂತೆಂದೇ ಅನಿಸುತ್ತದೆ. ಮೃದಂಗ, ತಬಲಾ ಬೇಕಾಗುವುದು ವರ್ಣ, ಕೀರ್ತನೆ, ದೇವರನಾಮ, ಭಜನೆಗಳಿಗೆ. ಸಮದ (ಆವರ್ತದ ಮೊದಲ) ಪೆಟ್ಟನ್ನು ಉಳಿದವಕ್ಕಿಂತ ಗಟ್ಟಿಯಾಗಿಸುವ ಆಯ್ಕೆಯಿದ್ದರೆ ತಪ್ಪದೆ ಹಾಕಿ. ಎತ್ತುಗಡೆ (ಹಾಡು ಶುರುವಾಗುವ ಜಾಗ) ಸಮದಲ್ಲಿಲ್ಲದ ಕೃತಿಗಳಿಗಾಗಿ ಆರಂಭದಲ್ಲಿ ಒಂದು ಆವರ್ತ ಬರೀ ಎಣಿಕೆ ಬರುವಂತೆ ಇಟ್ಟರೆ ಸಮಕ್ಕಿಂತ ಮೊದಲಾಗಲಿ (ಅತೀತ) ಆಮೇಲಾಗಲಿ (ಅನಾಗತ) ಜಾಗ ಹಿಡಿಯಲು ಸಮಯ ಸಿಗುತ್ತದೆ.

ತಂಬೂರಿಗೂ ಒಂದು ವೇಗದ ಪಟ್ಟಿ ಇರುತ್ತದೆ. ಅದಕ್ಕೂ ತಾಳಕ್ಕೂ ಸಂಬಂಧವಿಲ್ಲ. ತಂಬೂರಿಯ ಮೀಟು ತಾಳದ ಪೆಟ್ಟಿಗೆ ಸರಿಯಾಗಿ ಕೂತರೆ ಕಿವಿ ಅದನ್ನೇ ತಾಳವೆಂದು ಹಿಡಿಯುತ್ತದೆ. ನಾಲ್ಕು ಮೀಟಿನ ಒಂದು ಸುತ್ತು 4ರಿಂದ 5 ಸೆಕೆಂಡು ಹಿಡಿಯುವಂತೆ, ತಾಳದ ಪೆಟ್ಟಿಗೆ ಬೇಕೆಂದೇ ಹೊಂದದಂತೆ ಒಮ್ಮೆ ಇಟ್ಟು ಮರೆತುಬಿಡಿ.

ಪ್ರಿಸೆಟ್‌ಗಳ ಹೆಸರು

ಹೊಂದಿಸಿದ್ದನ್ನೆಲ್ಲ ಉಳಿಸುವಾಗ ಆ್ಯಪ್ ತಾನಾಗಿ ಕೊಡುವ "ಪ್ರಿಸೆಟ್ 1", "ಸಿ ಶಾರ್ಪ್ ಆದಿ 72" ಎಂಬ ಹೆಸರುಗಳನ್ನು ಬಿಡಿ. ಪಾಠದ ಹೆಸರನ್ನು ಕನ್ನಡದಲ್ಲೇ ಹಾಕಿ, ಮುಂದೆ ಎರಡಂಕಿ ಸೇರಿಸಿ: 01 ತಂಬೂರಿ ಮಾತ್ರ, 02 ಸರಳೆ, 03 ಜಂಟಿ, 11 ಧ್ರುವ ಅಲಂಕಾರ, 21 ವರ್ಣ. ಅಂಕಿ ಇಲ್ಲದಿದ್ದರೆ ಪಟ್ಟಿ ಅಕಾರಾದಿಯಲ್ಲಿ ಜೋಡಿಕೊಂಡು ಪಾಠದ ಕ್ರಮ ಕೆಡುತ್ತದೆ. ಒಂದಂಕಿ ಹಾಕಿದರೆ 10 ಎಂಬುದು 2ಕ್ಕಿಂತ ಮೊದಲು ಬಂದು ಕೂರಬಹುದು. ಹತ್ತು ಹನ್ನೆರಡಕ್ಕಿಂತ ಹೆಚ್ಚು ಉಳಿಸಬೇಡಿ, ಮುಗಿದ ಪಾಠದ್ದನ್ನು ಅಳಿಸಿಬಿಡಿ. ಎಲ್ಲ ಮುಗಿದ ಮೇಲೆ ಪ್ರತಿ ಪ್ರಿಸೆಟ್ ತೆರೆದಾಗಲೂ ಶ್ರುತಿ, ಸ್ಥಾಯಿ, ದನಿ ಸರಿಯಾಗಿ ಬರುತ್ತವೆಯೇ ನೋಡಿ. ಕೆಲವು ಆ್ಯಪುಗಳು ಪ್ರಿಸೆಟ್‌ನಲ್ಲಿ ತಾಳ ಮತ್ತು ವೇಗವನ್ನಷ್ಟೇ ಉಳಿಸಿ, ಸೂಕ್ಷ್ಮ ಶ್ರುತಿಯನ್ನು ಬಿಟ್ಟುಬಿಡುತ್ತವೆ.

ಫೋನು ನಡುವೆ ಬಾಯಿ ಹಾಕದಂತೆ

ಹತ್ತು ನಿಮಿಷಕ್ಕೆ ತಂಬೂರಿ ತಾನಾಗಿ ನಿಂತರೆ ತಪ್ಪು ಸಾಮಾನ್ಯವಾಗಿ ಆ್ಯಪಿನದಲ್ಲ. ಪರದೆ ಆರಿದ ಮೇಲೆ ಆಂಡ್ರಾಯ್ಡ್ ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪನ್ನು ಮುಚ್ಚಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಲ್ಲಿ ನಿಮ್ಮ ಆ್ಯಪ್, ಅದರೊಳಗೆ ಬ್ಯಾಟರಿ ತೆರೆದು "ಅನ್‌ರಿಸ್ಟ್ರಿಕ್ಟೆಡ್" ಆರಿಸಿ. ಫೋನಿನ ಕಂಪನಿಯನ್ನು ನೋಡಿ ಈ ಆಯ್ಕೆಯ ಹೆಸರು ಸ್ವಲ್ಪ ಬದಲಾಗುತ್ತದೆ, ಬ್ಯಾಟರಿ ಎಂಬ ಪದ ಹಿಡಿದು ಹುಡುಕಿ.

ವಾಟ್ಸ್ಆ್ಯಪ್ ಸಂದೇಶದ ಸದ್ದಿಗೆ ತಂಬೂರಿ ಒಂದು ಕ್ಷಣ ಕುಗ್ಗುತ್ತದೆ, ಕರೆ ಬಂದರೆ ನಿಂತೇ ಹೋಗುತ್ತದೆ, ಕರೆ ಮುಗಿದ ಮೇಲೆ ತಾನಾಗಿ ಶುರುವಾಗದೆಯೂ ಇರಬಹುದು. ಅಭ್ಯಾಸದ ಹೊತ್ತಿಗೆ ಏರ್‌ಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಸ್ಪೀಕರ್ ಇದ್ದರೆ ಬ್ಲೂಟೂತನ್ನು ಮಾತ್ರ ಮತ್ತೆ ತೆರೆಯಿರಿ. ಐಫೋನಿನಲ್ಲಿ ಆ್ಯಪ್ ಓಡುತ್ತಿದ್ದರೂ ದನಿಯೇ ಇಲ್ಲ ಎಂದಾದರೆ ಪಕ್ಕದ ಸೈಲೆಂಟ್ ಗುಂಡಿ ನೋಡಿ, ಅದಕ್ಕೆ ಬದ್ಧವಾದ ಆ್ಯಪುಗಳಿವೆ.

ಮನೆಯಲ್ಲಿ ಹಳೆಯ ಫೋನೊಂದು ಇದ್ದರೆ ಅದನ್ನು ಸಿಮ್ ತೆಗೆದು ಸಂಗೀತಕ್ಕೇ ಮೀಸಲಿಡಿ. ಬೇರೆ ಆ್ಯಪುಗಳನ್ನು ಮುಖಪುಟದಿಂದ ತೆಗೆದು ಇದೊಂದನ್ನೇ ನಡುವೆ ಇಡಿ, ಅಕ್ಷರದ ಗಾತ್ರ ಹಿಗ್ಗಿಸಿ, ಪರದೆ ಆರುವ ಸಮಯವನ್ನು ಗರಿಷ್ಠಕ್ಕೇರಿಸಿ. ಮಕ್ಕಳ ಕೈ ತಗುಲಿ ಆ್ಯಪಿನಿಂದ ಹೊರಬೀಳುವುದನ್ನು ತಡೆಯಲು ಆಂಡ್ರಾಯ್ಡ್‌ನಲ್ಲಿ ಸೆಕ್ಯುರಿಟಿ ವಿಭಾಗದ ಆ್ಯಪ್ ಪಿನ್ನಿಂಗ್ ಇದೆ. ಐಫೋನಿನಲ್ಲಿ ಆಕ್ಸೆಸಿಬಿಲಿಟಿಯ ಗೈಡೆಡ್ ಆಕ್ಸೆಸ್ ಇನ್ನೂ ಒಳ್ಳೆಯದು. ಪಕ್ಕದ ಗುಂಡಿಯನ್ನು ಮೂರು ಸಲ ಒತ್ತಿ ಶುರುಮಾಡಿ, ಪರದೆಯ ಯಾವ ಭಾಗ ಮುಟ್ಟಿದರೂ ಕೆಲಸ ಮಾಡಬಾರದೋ ಅದರ ಸುತ್ತ ಬೆರಳಲ್ಲಿ ಗೆರೆ ಎಳೆದರೆ ಆಯಿತು. ಶ್ರುತಿಯ ಪಟ್ಟಿಯನ್ನು ಹೀಗೆ ಮುಚ್ಚಿ, ವೇಗ ಮತ್ತು ಆರಂಭದ ಗುಂಡಿಯನ್ನು ಬಿಟ್ಟರೆ ಪೆಟ್ಟಿಗೆಯ ಕಾಲದ ಸರಳತೆ ಅಲ್ಲೇ ಸಿಗುತ್ತದೆ.

ದನಿ ಹೊರಬರುವ ಜಾಗ

ಒಂದೂವರೆ ಶ್ರುತಿಯ ಮಂದ್ರ ತಂತಿ 69 ಹರ್ಟ್ಸ್ ಆಸುಪಾಸಿನದು. ಫೋನಿನ ಪುಟ್ಟ ಸ್ಪೀಕರಿಗೆ ಆ ನಾದದ ಬುಡ ಹೊರಡಿಸುವ ಶಕ್ತಿಯೇ ಇಲ್ಲ, ನಮಗೆ ಕೇಳುವುದು ಅದರ ಮೇಲಿನ ಸ್ವರಾಂಶಗಳಷ್ಟೇ. ಆಧಾರ ಸಿಗುತ್ತಿಲ್ಲವೆಂದು ದನಿ ಪೂರ್ತಿ ಏರಿಸಿದರೆ ಸ್ಪೀಕರ್ ಒಡೆದು ಕರಕರ ಎನ್ನುತ್ತದೆ. ಗಂಡುದನಿಯ ಶ್ರುತಿಗೆ ಕನಿಷ್ಠ 3 ಇಂಚಿನ ಕೋನ್ ಇರುವ ಸ್ಪೀಕರ್ ಬೇಕು. ಐದು, ಐದೂವರೆಯವರಿಗೆ ಅದಕ್ಕಿಂತ ಚಿಕ್ಕದೂ ನಡೆದೀತು. ಸ್ಪೀಕರನ್ನು ಹಾಡುವವರ ಬೆನ್ನ ಹಿಂದೆ, ಓರೆಯಾಗಿ, ಒಂದು ಮೀಟರ್ ದೂರದಲ್ಲಿಡಿ. ಎಷ್ಟು ದನಿ ಬೇಕೆಂಬುದಕ್ಕೆ ಅಳತೆ: ಗಟ್ಟಿಯಾಗಿ ಹಾಡುತ್ತಿರುವಾಗಲೂ ತಂಬೂರಿ ತೆಳುವಾಗಿ ಕೇಳುತ್ತಿರಬೇಕು. ತಾಳದ ದನಿ ತಂಬೂರಿಗಿಂತ ಒಂದು ಮೆಟ್ಟಿಲು ಕೆಳಗಿರಲಿ. ಪೆಟ್ಟಿನ ಶಬ್ದ ಚೂಪಾದ್ದರಿಂದ ಕಡಿಮೆ ಇದ್ದರೂ ಕೇಳುತ್ತದೆ.

ಬ್ಲೂಟೂತ್ ಸ್ಪೀಕರಿನಲ್ಲಿ ದನಿ ತಡವಾಗಿ ಬರುತ್ತದೆ. ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಸಾಮಾನ್ಯ. ಬರೀ ಕೇಳಿ ಹಾಡುವವರಿಗೆ ಇದರಿಂದ ತೊಂದರೆಯಿಲ್ಲ, ಕೇಳಿದ ಪೆಟ್ಟಿಗೇ ಹಾಡುತ್ತಾರೆ. ಪರದೆಯ ಮೇಲೆ ಮಿನುಗುವ ಎಣಿಕೆ ನೋಡಿ ತಾಳ ಹಾಕುವವರಿಗೆ ಮಾತ್ರ ಕಣ್ಣೂ ಕಿವಿಯೂ ಜಗಳವಾಡುತ್ತವೆ. 60ರ ವೇಗದಲ್ಲಿ ಆ ತಡ ಅಕ್ಷರದ ಐದನೇ ಒಂದು ಪಾಲು, 120ರಲ್ಲಿ ಹೆಚ್ಚುಕಡಿಮೆ ಅರ್ಧ. ಅಂಥವರು ತಂತಿಯ ಸ್ಪೀಕರ್ ಬಳಸಬೇಕು ಅಥವಾ ಪರದೆಯನ್ನು ಮಗುಚಿಡಬೇಕು. ಸ್ಪೀಕರ್ ತಾನಾಗಿ ಆರಿಹೋಗುವುದಾದರೆ ತಂಬೂರಿಯನ್ನು ನಡುವೆ ನಿಲ್ಲಿಸದೆ ತಾಳವನ್ನಷ್ಟೇ ನಿಲ್ಲಿಸಿ. ದನಿ ಹರಿಯುತ್ತಿರುವಷ್ಟು ಹೊತ್ತು ಅದು ನಿದ್ದೆಹೋಗುವುದಿಲ್ಲ.

ತಂತಿಯ ಸ್ಪೀಕರಿಗೆ ಸಿಕ್ಕಿಸಿ ಜೊತೆಗೇ ಚಾರ್ಜರನ್ನೂ ಹಾಕಿದರೆ ಗುಂಯ್ ಎನ್ನುವುದುಂಟು. ಇದು ಬರೀ ಕಿರಿಕಿರಿಯಲ್ಲ, ಶ್ರುತಿಯನ್ನೇ ಕೆಡಿಸುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಆ ಗುಂಯ್‌ನ ಮೇಲಂಶಗಳು 100, 200ರಲ್ಲಿ ಕೂರುತ್ತವೆ. ಒಂದನೇ ಶ್ರುತಿಯವರ ಪಂಚಮ 196 ಹರ್ಟ್ಸ್. 200 ಅದಕ್ಕಿಂತ ಸುಮಾರು 35 ಸೆಂಟ್ ಮೇಲೆ. ಐದನೇ ಶ್ರುತಿಯವರಿಗೆ ಷಡ್ಜದ ಮೇಲೇ ಈ ಅಪಸ್ವರ ಬೀಳುತ್ತದೆ. ಮೊದಲೇ ಚಾರ್ಜ್ ಮಾಡಿಟ್ಟುಕೊಂಡು, ಹಾಡುವಾಗ ಚಾರ್ಜರ್ ಕೀಳಿ.

ಪರದೆಯೇ ಬೇಡ ಎನ್ನುವವರಿಗೆ

ಸ್ಮಾರ್ಟ್‌ಫೋನ್ ಒಗ್ಗದ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ: ಅವರ ಶ್ರುತಿಯ ತಂಬೂರಿಯನ್ನು ಒಂದು ಗಂಟೆಯ ಫೈಲ್ ಮಾಡಿ ಪೆನ್‌ಡ್ರೈವಿಗೆ ಹಾಕಿ, ಯುಎಸ್‌ಬಿ ಸ್ಪೀಕರಿಗೆ ಚುಚ್ಚಿ ಕೊಡಿ. ಫೋನಿನ ಸ್ಕ್ರೀನ್ ರೆಕಾರ್ಡರಿನಲ್ಲಿ ಆ್ಯಪಿನ ದನಿಯನ್ನು ನೇರವಾಗಿ ಹಿಡಿಯಬಹುದು. ಮೈಕಿನಿಂದ ಹಿಡಿಯಬೇಡಿ, ಫ್ಯಾನಿನ ಸದ್ದೂ ಸೇರುತ್ತದೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ದನಿ ಬೇರ್ಪಡಿಸಿ, ಮೊದಲ 3 ಸೆಕೆಂಡು ನಿಧಾನವಾಗಿ ಏರುವಂತೆ ಮಾಡಿ, 128 ಕೆಬಿಪಿಎಸ್‌ನ ಎಂಪಿ3 ಆಗಿ ಉಳಿಸಿ. ಗಂಟೆಗೆ 58 ಎಂಬಿಯಷ್ಟೇ ಆಗುತ್ತದೆ. ಒಂದು ನಿಮಿಷದ ಚಿಕ್ಕ ಫೈಲನ್ನು ಮರಳಿ ಮರಳಿ ಓಡಿಸುವ ಯೋಚನೆ ಬೇಡ. ಎಂಪಿ3 ಮಾಡುವಾಗ ಫೈಲಿನ ತುದಿಗಳಲ್ಲಿ ಸಣ್ಣ ಮೌನ ಸೇರಿಕೊಳ್ಳುತ್ತದೆ, ಪ್ರತಿ ನಿಮಿಷಕ್ಕೂ ತಂಬೂರಿ ಬಿಕ್ಕಳಿಸಿದಂತಾಗುತ್ತದೆ. ತಾಳದ ಫೈಲಿನಲ್ಲಂತೂ ಆ ಬಿಕ್ಕಳಿಕೆ ಲಯವನ್ನೇ ಮುರಿಯುತ್ತದೆ.

ಪೆನ್‌ಡ್ರೈವನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಅಗ್ಗದ ಸ್ಪೀಕರುಗಳು ಬೇರೆಯದನ್ನು ಓದುವುದಿಲ್ಲ. ಅವುಗಳಲ್ಲಿ ಹಲವು ಹಾಡುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸದೆ ಪೆನ್‌ಡ್ರೈವಿಗೆ ಬರೆದ ಕ್ರಮದಲ್ಲಿ ನುಡಿಸುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕದೆ, ಬೇಕಾದ ಕ್ರಮದಲ್ಲಿ ಒಂದೊಂದಾಗಿ ನಕಲಿಸಿ. ಮೊದಲನೆಯದು ತಂಬೂರಿಯಾಗಿರಲಿ, ಆಗ ಸ್ವಿಚ್ ಹಾಕಿದೊಡನೆ ಶ್ರುತಿ ಬರುತ್ತದೆ.

ಆನ್‌ಲೈನ್ ಪಾಠ

ಅಮೆರಿಕದ ಕನ್ನಡದ ಮಕ್ಕಳು ಬೆಂಗಳೂರು, ಮೈಸೂರಿನ ಗುರುಗಳಿಂದ ಜೂಮ್‌ನಲ್ಲಿ ಕಲಿಯುತ್ತಾರೆ. ಗುರುಗಳ ಕಡೆಯ ತಂಬೂರಿ ಶಿಷ್ಯರಿಗೆ ಕೇಳದಿರುವುದಕ್ಕೆ ಕಾರಣ, ಒಂದೇ ಸಮ ಮೊಳಗುವ ನಾದವನ್ನು ಜೂಮ್ ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುವುದು. ಆಡಿಯೊ ಸೆಟ್ಟಿಂಗ್ಸ್‌ನಲ್ಲಿ "ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್" ಹಾಕಿದರೆ ಅದು ನಿಲ್ಲುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿದರೆ ಸಾಲದು, ಪಾಠ ಶುರುವಾದ ಮೇಲೆ ಪರದೆಯ ಮೇಲೆಯೂ ಆನ್ ಆಗಿದೆಯೇ ನೋಡಿ. ತಾಳ ಮಾತ್ರ ಶಿಷ್ಯರ ಕಡೆಯೇ, ಬೇರೊಂದು ಫೋನಿನಲ್ಲಿ ನುಡಿಯಬೇಕು. ಗುರುಗಳ ಕಡೆ ಹಾಕಿದ ತಾಳ ತಡವಾಗಿ ತಲುಪಿ, ಅದಕ್ಕೆ ಹಾಡಿದ ದನಿ ಮತ್ತೆ ತಡವಾಗಿ ಹಿಂದಿರುಗುತ್ತದೆ. ಆಗ ಸರಿಯಾಗಿ ಹಾಡಿದ್ದೂ ಗುರುಗಳಿಗೆ ತಪ್ಪಾಗಿಯೇ ಕೇಳುತ್ತದೆ.

ಕಣ್ಣು ಕಾಣದವರ ಕೈಯಲ್ಲಿ

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧರನ್ನು ಸಂಗೀತಗಾರರನ್ನಾಗಿ ಬೆಳೆಸಿದ ನಾಡು ಇದು. ಇಲ್ಲಿ ಶ್ರುತಿಯ ಆ್ಯಪೊಂದು ಅಂಧರಿಗೆ ಒದಗದಿರುವುದು ಸಲ್ಲದು. ಪರದೆಯಲ್ಲಿರುವುದನ್ನು ಓದಿ ಹೇಳುವ ಸೌಲಭ್ಯ ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್. ಟಾಕ್‌ಬ್ಯಾಕ್ ಹಾಕಿ ಪರದೆಯ ಮೇಲೆ ಬೆರಳಾಡಿಸಿದಾಗ ಬರೀ "ಬಟನ್, ಬಟನ್" ಎಂದರೆ ಆ ಗುಂಡಿಗಳಿಗೆ ಹೆಸರಿಟ್ಟಿಲ್ಲ ಎಂದರ್ಥ. ಟಾಕ್‌ಬ್ಯಾಕ್ ಮೆನುವಿನಿಂದ ಹೆಸರು ಸೇರಿಸಬಹುದು. ಐಫೋನಿನ ವಾಯ್ಸ್‌ಓವರ್‌ನಲ್ಲಿ ಗುಂಡಿಯ ಮೇಲೆ ಎರಡು ಬೆರಳಿಂದ ಎರಡು ಸಲ ತಟ್ಟಿ ಒತ್ತಿಹಿಡಿದರೆ ಹೆಸರು ಬರೆಯುವ ಜಾಗ ತೆರೆಯುತ್ತದೆ. "ತಂಬೂರಿ ಶುರು", "ತಾಳ ಶುರು", "ವೇಗ ಹೆಚ್ಚು" ಎಂದು ಕನ್ನಡದಲ್ಲೇ ಬರೆಯಿರಿ. ಅದಕ್ಕೂ ಮೊದಲು ಫೋನಿನ ಓದುವ ದನಿಗೆ ಕನ್ನಡವನ್ನು ಸೇರಿಸಿರಬೇಕು.

ಓದುವ ದನಿ ಮಾತಾಡುವಾಗಲೆಲ್ಲ ತಂಬೂರಿ ಕುಗ್ಗಿ ಏಳುತ್ತದೆ. ಟಾಕ್‌ಬ್ಯಾಕ್ ಮತ್ತು ವಾಯ್ಸ್‌ಓವರ್ ಎರಡರಲ್ಲೂ ಆಡಿಯೊ ಡಕ್ಕಿಂಗ್ ಎಂಬ ಆಯ್ಕೆ ಇದೆ, ಅದನ್ನು ತೆಗೆಯಿರಿ. ಜಾರುಪಟ್ಟಿಯ ಮೇಲೆ ನಿಂತಾಗ ಆಂಡ್ರಾಯ್ಡ್‌ನಲ್ಲಿ ವಾಲ್ಯೂಮ್ ಗುಂಡಿಗಳಿಂದ ಅಂಕಿ ಬದಲಿಸಬಹುದು. ವಾಯ್ಸ್‌ಓವರ್‌ನಲ್ಲಿ ಬೆರಳನ್ನು ಮೇಲೆ ಕೆಳಗೆ ಸರಿಸಬೇಕು. ಆದರೆ ಅಲ್ಲಿ ಸಾಮಾನ್ಯವಾಗಿ ಪಟ್ಟಿಯ ಹತ್ತನೇ ಒಂದು ಪಾಲಿನಷ್ಟು ನೆಗೆತ. 30ರಿಂದ 300ರವರೆಗಿನ ವೇಗದ ಪಟ್ಟಿಯಲ್ಲಿ ಒಂದು ಸರಿತಕ್ಕೆ 27 ಅಂಕಿ ಹಾರುತ್ತದೆ, 72 ಹಿಡಿಯಲು ಆಗುವುದೇ ಇಲ್ಲ. ಒಂದೊಂದೇ ಅಂಕಿ ಏರಿಳಿಸುವ ಗುಂಡಿ ಇರುವ ಅಥವಾ ತಾಳ ತಟ್ಟಿ ವೇಗ ತೋರಿಸುವ ಸೌಲಭ್ಯ ಇರುವ ಆ್ಯಪನ್ನೇ ಇವರಿಗೆ ಆರಿಸಿ.

ಆ್ಯಪ್ ಮಾಡುವವರು ಇಲ್ಲಿಂದಲೇ ಶುರುಮಾಡಬೇಕು. ಪ್ರತಿ ಗುಂಡಿಗೂ ಓದಬಲ್ಲ ಹೆಸರು. ಜಾರುಪಟ್ಟಿಯ ಎರಡು ತುದಿಗೂ ಕೂಡು-ಕಳೆ ಗುಂಡಿ. ಗುಂಡಿಯ ಗಾತ್ರ ಆಂಡ್ರಾಯ್ಡ್ ಹೇಳುವ 48 ಡಿಪಿ, ಐಫೋನ್ ಹೇಳುವ 44 ಪಾಯಿಂಟ್‌ಗಿಂತ ಕಡಿಮೆಯಾಗದಿರಲಿ. ಶ್ರುತಿಯನ್ನು "ಐದೂವರೆ, ಕರಿ ನಾಲ್ಕು, ಜಿ ಶಾರ್ಪ್" ಎಂದು ಮೂರೂ ರೂಢಿಯಲ್ಲಿ ತೋರಿಸಲಿ. ಅಲಂಕಾರದ ತಾಳಗಳು ಪಾಠದ ಜಾತಿಯಲ್ಲೇ ತೆರೆದುಕೊಳ್ಳಲಿ. ಶ್ರುತಿಗೆ ಬೀಗದ ಗುಂಡಿಯೊಂದಿರಲಿ, ಅದನ್ನು ತೆರೆಯಲು ಎರಡು ಸೆಕೆಂಡು ಒತ್ತಿಹಿಡಿಯಬೇಕಾಗಲಿ. ಆ್ಯಪ್ ಮುಚ್ಚಿ ತೆರೆದಾಗ, ಹೊಸ ಆವೃತ್ತಿ ಬಂದಾಗ, ಫೋನ್ ಆರಿ ಹತ್ತಿದಾಗ ಕೊನೆಯ ಶ್ರುತಿ, ಕೊನೆಯ ತಾಳ, ಕೊನೆಯ ದನಿ ಹಾಗೇ ಉಳಿದಿವೆಯೇ ಎಂದು ಪ್ರತಿ ಬಿಡುಗಡೆಗೂ ಮುನ್ನ ನೋಡಲಿ.